ನೀರಿಲ್ಲದ ಹೊಳೆಗೆ ಸರ್ವೆ ಯಾಕೆ?

ಪ್ರಶ್ನೆ: ನಾನು ಸಿರಸಿ ತಾಲೂಕಿನ ಅಡಿಕೆ ಬೆಳೆಗಾರ. ಮಗ ಸಿವಿಲ್ ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷದಿಂದ ಕಾರವಾರ, ಅಂಕೋಲಾ ಕಡೆ ಸರ್ವೆ ಕೆಲಸ ಮಾಡುತ್ತಿದ್ದಾನೆ. ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ, ಡ್ರೋನ್ ಎರಡೂ ಗೊತ್ತು. ಈಗ ಆಫ್ರಿಕಾದ ನಮೀಬಿಯಾದಲ್ಲಿ ಕೆಲಸ ಸಿಕ್ಕಿದೆ ಅನ್ನುತ್ತಾನೆ. ಮರುಭೂಮಿಯಲ್ಲಿ ಸ್ವಾಕೊಪ್, ಖಾನ್ ಎಂಬ ಎರಡು ನದಿಗಳ ಅಕ್ಕಪಕ್ಕದ ಜಾಗಕ್ಕೆ ಟೊಪೊಗ್ರಾಫಿಕ್ ನಕ್ಷೆ, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆ, ಮಾಡುವುದಂತೆ. ಅಲ್ಲೇ ಯುರೇನಿಯಂ ಗಣಿಗಳೂ ಇವೆಯಂತೆ. ಮೊಬೈಲಿನಲ್ಲಿ ಚಿತ್ರ ನೋಡಿದೆ. ಹೆಸರಿಗೆ ನದಿ, ಹನಿ ನೀರಿಲ್ಲ. ಇಲ್ಲದ ನೀರಿಗೆ ನಕ್ಷೆ ಯಾಕೆ? ಉಪಗ್ರಹದಲ್ಲಿ ಎಲ್ಲ ಕಾಣುವಾಗ ಇಲ್ಲಿಂದ ಹುಡುಗರನ್ನು ಕರೆಸುವುದು ಯಾಕೆ? ಪರೀಕ್ಷೆಗೆ ಅಂತ ಒಂದು ಫೈಲ್ ಕಳಿಸಿದ್ದರು. ಮಾಣಿ ಕಂಪ್ಯೂಟರಿಗೆ ಹಾಕಿದರೆ ಸಮುದ್ರ ಪೂರ್ವಕ್ಕೆ ಬಂತು, ನದಿ ತಲೆಕೆಳಗಾಯಿತು. ಫೈಲೇ ಸುಳ್ಳೋ ಏನೋ ಅಂತ ಅವನಿಗೂ ಅನುಮಾನ. ಟೆಂಟ್ ನದಿಯ ಮರಳಿನ ಮೇಲೇ ಹಾಕುತ್ತಾರಂತೆ. ಯುರೇನಿಯಂ ಅಂದರೆ ಮನೆಯಲ್ಲಿ ಹೆಂಗಸರಿಗೆ ನಿದ್ದೆಯಿಲ್ಲ, ಮುಂದೆ ಮಕ್ಕಳಾಗುವುದಿಲ್ಲ ಅಂತ ಯಾರೋ ಹೇಳಿದ್ದಾರೆ. ಏಜೆಂಟ್ ಒಂದೂವರೆ ಲಕ್ಷ ಕೇಳುತ್ತಿದ್ದಾನೆ. ಕಳಿಸಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಭಯ ಇದೆ. ಕೆಲವು ಸರಿ, ಕೆಲವು ಸುಮ್ನೆ. ಇರಲೇಬೇಕಾಗಿದ್ದ ಒಂದು ಭಯ ಮಾತ್ರ ಪತ್ರದಲ್ಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಫೈಲಿನ ಸಂಗತಿ. ಓದಿ ನಗು ಬಂತು. ನಾನು ಕಾರವಾರದವನು. ಹುಟ್ಟಿದಾಗಿನಿಂದ ಸಮುದ್ರ ಅಂದರೆ ಪಶ್ಚಿಮ. ನಾನೂ ಸರ್ವೆ ಕೆಲಸಕ್ಕೆ ನಮೀಬಿಯಾಕ್ಕೆ ಹೋಗಿದ್ದವನು. ಮೊದಲ ವಾರ ನನ್ನ ಪರದೆಯ ಮೇಲೂ ಸಮುದ್ರ ಪೂರ್ವಕ್ಕೇ ಬಂದಿತ್ತು. ಅರ್ಧ ದಿನ ಯಂತ್ರವನ್ನು ಬೈದೆ. ತಪ್ಪು ಯಂತ್ರದ್ದೂ ಅಲ್ಲ, ಫೈಲಿನದ್ದೂ ಅಲ್ಲ.

ನಾವು ಇಲ್ಲಿ ಕಲಿಯುವುದು ಹೀಗೆ: ಪೂರ್ವಕ್ಕೆ ಹೋದ ಹಾಗೆ ಒಂದು ಅಂಕಿ ಏರುತ್ತದೆ, ಉತ್ತರಕ್ಕೆ ಹೋದ ಹಾಗೆ ಇನ್ನೊಂದು. ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಸರ್ವೆ ಪದ್ಧತಿಯಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ವೈ ಅಂಕಿ ಪಶ್ಚಿಮಕ್ಕೆ ಏರುತ್ತದೆ, ಎಕ್ಸ್ ಅಂಕಿ ದಕ್ಷಿಣಕ್ಕೆ. ದೇಶವನ್ನು ಎರಡೆರಡು ಡಿಗ್ರಿ ಅಗಲದ ಪಟ್ಟಿಗಳಾಗಿ ಹಂಚಿಕೊಂಡಿದ್ದಾರೆ. ನಿಮ್ಮ ಮಗ ಹೋಗುವ ಜಾಗ 15 ಡಿಗ್ರಿ ಪೂರ್ವ ರೇಖಾಂಶದ ಪಟ್ಟಿಯಲ್ಲಿ ಬರುತ್ತದೆ. ದಕ್ಷಿಣದ ಲೆಕ್ಕ 22 ಡಿಗ್ರಿ ಅಕ್ಷಾಂಶದಿಂದ ಶುರು. ಫೈಲಿನ ತಲೆಬರಹದಲ್ಲಿ ‘ಎಲ್‌ಒ 22/15’ ಅಂತ ಇದ್ದರೆ ಅದರ ಅರ್ಥ ಇಷ್ಟೇ. ಮಾಣಿ ವೈ ಅಂಕಿಯನ್ನು ಪೂರ್ವಕ್ಕೆ, ಎಕ್ಸ್ ಅಂಕಿಯನ್ನು ಉತ್ತರಕ್ಕೆ ಹಾಕಿದ್ದಾನೆ. ಆಗ ಇಡೀ ನಕ್ಷೆ ಅರ್ಧ ಸುತ್ತು ತಿರುಗಿ ಕೂರುತ್ತದೆ. ಎರಡೂ ಅಂಕಿಗೆ ಮೈನಸ್ ಹಾಕಿದರೆ ಸಮುದ್ರ ತನ್ನ ಜಾಗಕ್ಕೆ ಬರುತ್ತದೆ. ಸಮುದ್ರ ಉತ್ತರಕ್ಕೆ ಬಂದಿದ್ದರೆ ಬೇರೆ ತಪ್ಪು, ಎಕ್ಸ್ ವೈ ಅದಲುಬದಲಾಗಿ ನಕ್ಷೆ ಕನ್ನಡಿಯ ಬಿಂಬವಾಗಿದೆ ಎಂದು ಲೆಕ್ಕ. ಅದು ಜಾಸ್ತಿ ಅಪಾಯ, ಯಾಕೆಂದರೆ ಬಿಂಬವನ್ನು ಎಷ್ಟು ತಿರುಗಿಸಿದರೂ ಸರಿಯಾಗುವುದಿಲ್ಲ.

ಇನ್ನೊಂದು ವಿಚಿತ್ರ ಇದೆ. ಅಲ್ಲಿನ ಹಳೆ ಸರ್ವೆಯ ಮೀಟರ್ ನಮ್ಮ ಮೀಟರ್ ಅಲ್ಲ! ನಮೀಬಿಯಾ 1884ರಿಂದ 1915ರವರೆಗೆ ಜರ್ಮನರ ಕೈಯಲ್ಲಿತ್ತು. ಆ ಕಾಲದ ಜರ್ಮನ್ ಕಾನೂನು ಮೀಟರೇ ಅಲ್ಲಿನ ಹಳೆಯ ಸರ್ವೆಯಲ್ಲಿ ಉಳಿದುಕೊಂಡಿದೆ. ಅದು ಈಗಿನ ಮೀಟರಿಗಿಂತ ಕೂದಲೆಳೆಯಷ್ಟು ಉದ್ದ. ಕಿಲೋಮೀಟರಿಗೆ 13.6 ಮಿಲಿಮೀಟರ್ ವ್ಯತ್ಯಾಸ. ಇಷ್ಟಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅನಿಸಬಹುದು. ಆದರೆ ಸ್ವಾಕೊಪ್ ನದಿ ಕಡಲು ಸೇರುವಲ್ಲಿರುವ ಸ್ವಾಕೊಪ್‌ಮುಂಡ್ ಊರು ಆ 22 ಡಿಗ್ರಿ ರೇಖೆಯಿಂದ ಸುಮಾರು 75 ಕಿಲೋಮೀಟರ್ ದಕ್ಷಿಣಕ್ಕಿದೆ. ಅಷ್ಟು ದೂರಕ್ಕೆ ವ್ಯತ್ಯಾಸ ಒಂದು ಮೀಟರ್ ಆಗುತ್ತದೆ. ಗಡಿ ಕಲ್ಲು ಒಂದು ಮೀಟರ್ ಸರಿದರೆ ನಮ್ಮಲ್ಲಿ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಗಣಿ ಕಂಪನಿಗಳು ಸುಮ್ಮನಿರುತ್ತವಾ?

ಇದರ ಜೊತೆಗೆ ಭೂಮಿಯ ಆಕಾರದ ಲೆಕ್ಕವೂ ಬೇರೆ. ನಮ್ಮ ಹಳೆ ಟೊಪೊಶೀಟ್ (ಸರ್ಕಾರದ ಟೊಪೊಗ್ರಾಫಿಕ್ ನಕ್ಷೆಯ ಹಾಳೆ) ಎವರೆಸ್ಟ್ ಎಂಬ ಲೆಕ್ಕದ್ದು, ಅವರದ್ದು ಬೆಸೆಲ್ ಎಂಬ ಲೆಕ್ಕದ್ದು. ಜಿಪಿಎಸ್ ಬಳಸುವುದು ಡಬ್ಲ್ಯೂಜಿಎಸ್ 84 ಎಂಬ ಮೂರನೆಯ ಲೆಕ್ಕ. ಒಂದರ ಮೇಲೊಂದು ನೇರವಾಗಿ ಹಾಕಿದರೆ ಹತ್ತಾರು ಮೀಟರ್ ತಪ್ಪುತ್ತದೆ. ಎತ್ತರದಲ್ಲೂ ಹೀಗೇ. ಕಾರವಾರದ ಕಡಲತೀರದಲ್ಲಿ ನಿಂತು ಜಿಪಿಎಸ್ಸಿನ ಕಚ್ಚಾ ಎತ್ತರ ನೋಡಿದರೆ ಹತ್ತಾರು ಮೀಟರ್ ಮೈನಸ್ ತೋರಿಸುತ್ತದೆ, ನಾವು ಸಮುದ್ರದೊಳಗೆ ನಿಂತ ಹಾಗೆ. ಸ್ವಾಕೊಪ್‌ಮುಂಡ್ ತೀರದಲ್ಲಿ ಅದೇ ಯಂತ್ರ ಪ್ಲಸ್ ತೋರಿಸುತ್ತದೆ. ನಿಮ್ಮ ಮಗ ಇಲ್ಲಿನ ಅಭ್ಯಾಸದಲ್ಲೇ ಅಲ್ಲಿ ತಿದ್ದುಪಡಿ ಹಾಕಿದರೆ ನೀರು ಗುಡ್ಡ ಹತ್ತುತ್ತದೆ.

ಆದ್ದರಿಂದ ಫೈಲ್ ನಿಜದ್ದೇ. ಮೋಸ ಮಾಡುವವರು ಇಷ್ಟೆಲ್ಲ ತಲೆನೋವು ತೆಗೆದುಕೊಳ್ಳುವುದಿಲ್ಲ. ಬಹುಶಃ ಬೇಕಂತಲೇ ಕಳಿಸಿದ್ದಾರೆ, ಹುಡುಗ ಗಮನಿಸುತ್ತಾನಾ ನೋಡಲು. ಆದರೆ ಫೈಲ್ ನಿಜ ಅಂದಮಾತ್ರಕ್ಕೆ ಏಜೆಂಟ್ ಸಾಚಾ ಅಂತ ಅಲ್ಲ. ಅದು ಬೇರೆ.

ಈಗ ನೀರಿಲ್ಲದ ನದಿ. ನಮಗೆ ಹೊಳೆ ಅಂದರೆ ನೀರು. ಅಘನಾಶಿನಿಯೋ ಗಂಗಾವಳಿಯೋ ಬೇಸಿಗೆಯಲ್ಲೂ ಎಲ್ಲೋ ಒಂದು ಗುಂಡಿಯಲ್ಲಿ ನೀರು ಹಿಡಿದಿಟ್ಟುಕೊಂಡಿರುತ್ತದೆ. ಮರುಭೂಮಿಯಲ್ಲಿ ಹೊಳೆ ಅಂದರೆ ದಾರಿ. ನೀರು ಬಂದರೆ ಇಲ್ಲಿಂದಲೇ ಹೋಗುತ್ತದೆ ಎನ್ನುವ ದಾರಿ. ನಮ್ಮ ಸರ್ವೆ ಆಫ್ ಇಂಡಿಯಾ ಟೊಪೊಶೀಟಿನಲ್ಲೂ ನೀರಿರುವ ಹರಿವು ನೀಲಿ, ಒಣಗಿದ ಹಳ್ಳ ಕಪ್ಪು ಗೆರೆ. ಸಿರಸಿ, ಕಾರವಾರ ಎರಡೂ ಬರುವ 48ಜೆ ಹಾಳೆಗಳನ್ನು ಬಿಡಿಸಿ ನೋಡಿ, ಘಟ್ಟದ ನೆತ್ತಿಯ ಎಷ್ಟೋ ಹಳ್ಳ ಕಪ್ಪಾಗಿಯೇ ಇವೆ. ಹಾಗಂತ ಮಳೆಗಾಲದಲ್ಲಿ ಅದರ ಬಾಯಲ್ಲಿ ಯಾರೂ ಮನೆ ಕಟ್ಟುವುದಿಲ್ಲ, ಅಲ್ವಾ?

ಸ್ವಾಕೊಪ್‌ಮುಂಡಿನಲ್ಲಿ ವರ್ಷಕ್ಕೆ 20 ಮಿಲಿಮೀಟರ್ ಮಳೆ ಬರುವುದೂ ಕಷ್ಟ. ಕಾರವಾರದಲ್ಲಿ ಆಷಾಢದ ಒಂದು ಜೋರು ದಿನದ ಮಳೆ ಆ ಊರಿಗೆ ಹಲವು ವರ್ಷಕ್ಕೆ ಸಾಕು. ಕಡಲಲ್ಲಿ ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹ ಇದೆ. ಅದರಿಂದ ಮಂಜು ಬರುತ್ತದೆ, ಮಳೆ ಬರುವುದಿಲ್ಲ. ಆದರೆ ಸ್ವಾಕೊಪ್ ಹುಟ್ಟುವುದು ತೀರದಲ್ಲಲ್ಲ, ನೂರಾರು ಕಿಲೋಮೀಟರ್ ಒಳಗಿನ ಎತ್ತರದ ನಾಡಿನಲ್ಲಿ. ಅಲ್ಲಿ ಮಳೆ ಇದೆ. ಜನವರಿಯಿಂದ ಏಪ್ರಿಲ್ ನಡುವೆ ಅಲ್ಲಿ ಜಡಿದರೆ ತೀರದ ಕಡೆ ನೀಲಿ ಆಕಾಶದ ಕೆಳಗೆ ನೆರೆ ಬರುತ್ತದೆ. ಇದು ನಮ್ಮ ಮಲ್ಲಾಪುರದವರಿಗೆ ಬೇಗ ಅರ್ಥವಾಗುತ್ತದೆ. ಮೇಲಿನ ಕದ್ರಾ ಅಣೆಕಟ್ಟಿನ ಗೇಟ್ ತೆಗೆದಾಗ ತಮ್ಮ ತಲೆಯ ಮೇಲೆ ಮಳೆ ಇದೆಯೋ ಇಲ್ಲವೋ, ಕಾಳಿ ನದಿ ಅದನ್ನು ಕೇಳುವುದಿಲ್ಲ.

1934ರಲ್ಲಿ ಸ್ವಾಕೊಪ್‌ಗೆ ಬಂದ ನೆರೆ ಎಷ್ಟು ಹೂಳು ತಂದಿತೆಂದರೆ, ನದೀಮುಖದಲ್ಲಿ ಕರಾವಳಿಯೇ ಸಮುದ್ರದೊಳಗೆ ಮುಂದಕ್ಕೆ ಹೋಯಿತು. ಈಗ ಮೇಲ್ಭಾಗದಲ್ಲಿ ಫಾನ್ ಬಾಕ್, ಸ್ವಾಕೊಪ್‌ಪೋರ್ಟ್ ಎಂಬ ಎರಡು ಅಣೆಕಟ್ಟು ಇವೆ. ನೀರು ಕಡಲು ಮುಟ್ಟುವುದು ಕಡಿಮೆಯಾಗಿದೆ. ಖಾನ್ ನದಿ ಆ ಅಣೆಕಟ್ಟುಗಳ ಕೆಳಗೆ ಬಂದು ಸೇರುತ್ತದೆ, ಹಾಗಾಗಿ ಅದರ ನೀರನ್ನು ಇವು ತಡೆಯುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು, ನೀರಿಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ. ಮರಳಿನ ಅಡಿಯಲ್ಲಿ ನೀರಿದೆ. ಆ ನದಿಪಾತ್ರದಲ್ಲಿ ದೊಡ್ಡ ಮರಗಳಿವೆ, ಕೆಳಭಾಗದಲ್ಲಿ ತೋಟಗಳೂ ಇವೆ. ಗಣಿಯ ಹೊಲಸು ನೀರು ಆ ಮರಳಿಗೆ ಇಳಿದರೆ ಕೆಳಗಿನ ತೋಟದ ಬಾವಿಗೆ ಬರುತ್ತದೆ. ಇಳಿಜಾರು ಯಾವ ಕಡೆಗೆ, ಬಂಡೆ ಎಲ್ಲಿ ಮೇಲೆದ್ದಿದೆ, ಮರಳು ಎಲ್ಲಿ ಅಗಲ, ನೆರೆ ಬಂದರೆ ಗಣಿತ್ಯಾಜ್ಯದ ಒಡ್ಡಿನ ಬುಡಕ್ಕೆ ಮುಟ್ಟುತ್ತದಾ? ಇದಕ್ಕೆಲ್ಲ ಅರ್ಧ ಮೀಟರ್, ಒಂದು ಮೀಟರ್ ಅಂತರದ ಕಾಂಟೂರ್, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಬೇಕು. ನಮ್ಮ ಸಾಮಾನ್ಯ ಟೊಪೊಶೀಟಿನ 20 ಮೀಟರ್ ಅಂತರ ಇಲ್ಲಿ ಏನಕ್ಕೂ ಸಾಲುವುದಿಲ್ಲ. ನಿಮ್ಮ ಮಗನಿಗೆ ಸಂಬಳ ಕೊಡುವುದು ಇದಕ್ಕೆ.

ಉಪಗ್ರಹ ಎಲ್ಲ ಕೊಡುತ್ತದೆ ಎನ್ನುವುದು ನಮ್ಮ ಕಾಲದ ದೊಡ್ಡ ಮೂಢನಂಬಿಕೆ. ಪುಕ್ಕಟೆ ಸಿಗುವ ಎತ್ತರದ ಮಾಹಿತಿಯಲ್ಲಿ ಹೆಸರಾದದ್ದು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ 11 ದಿನ ರೇಡಾರ್ ಹಾಯಿಸಿ ಅಳೆದದ್ದು. 30 ಮೀಟರಿಗೆ ಒಂದು ಚುಕ್ಕಿ. ಎತ್ತರದಲ್ಲಿ ಹಲವು ಮೀಟರ್ ತಪ್ಪಿರಬಹುದು. ನಿಮ್ಮ ತೋಟದ ಮೇಲೆ ಅದು ಅಳೆದದ್ದು ನೆಲವನ್ನಲ್ಲ, ಹೆಚ್ಚುಕಡಿಮೆ ಅಡಿಕೆ ಮರದ ತಲೆಯನ್ನು! ಮರುಭೂಮಿಯಲ್ಲಿ ಇದರ ಉಲ್ಟಾ ತಮಾಷೆ. ಒಣ ಮರಳೊಳಗೆ ರೇಡಾರ್ ಕೆಳಗೆ ಇಳಿಯಬಲ್ಲದು. 1981ರಲ್ಲಿ ಇಂಥದೇ ನೌಕೆಯ ರೇಡಾರ್ ಸಹಾರಾದ ಮರಳಿನ ಕೆಳಗೆ ಹುದುಗಿದ್ದ ಹಳೆಯ ನದಿಪಾತ್ರಗಳನ್ನು ತೋರಿಸಿ ಎಲ್ಲರನ್ನೂ ಬೆರಗುಗೊಳಿಸಿತು. ಹಳೆ ನದಿ ಹುಡುಕುವವರಿಗೆ ಅದು ವರ. ಇವತ್ತಿನ ನೆಲದ ಮೇಲ್ಮೈ ಬೇಕಾದವನಿಗೆ ಅಲ್ಲ.

ಮತ್ತೆ ನಕ್ಷೆ ಹಳತಾಗುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ಹಿಂದಿನ ದಿನದವರೆಗಿನ ನದಿಪಾತ್ರದ ನಕ್ಷೆ ಒಂದೇ ಬೆಳಿಗ್ಗೆಯಲ್ಲಿ ಹಳೆ ಕಾಗದವಾಯಿತು. ನದಿಯ ನಡುವೆ ಮಣ್ಣಿನ ಗುಡ್ಡೆ ಎದ್ದಿತ್ತು. ಗಣಿಯಲ್ಲಿ ಇದು ದಿನದಿನದ ಕಥೆ. ರೋಸಿಂಗ್ ಎಂಬ ತೆರೆದ ಗಣಿ 1976ರಿಂದ ನಡೆಯುತ್ತಿದೆ. ಸ್ಫೋಟ ಮಾಡಿದಾಗೆಲ್ಲ ಭೂಮಿಯ ಆಕಾರ ಬದಲು. ಎಷ್ಟು ಕಲ್ಲು ಎದ್ದಿತು ಅಂತ ಲೆಕ್ಕ ಕೊಡಬೇಕಾದವನು ಸರ್ವೆಯವನೇ.

ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಏಕೆಂದರೆ ಡ್ರೋನ್ ಗೊತ್ತು ಅನ್ನುವ ಹುಡುಗರು ಅಲ್ಲಿ ಮೊದಲ ತಿಂಗಳು ಅಳುತ್ತಾರೆ. ಇಲ್ಲಿ ನಮ್ಮ ಶತ್ರು ಮರ. ಕೊಂಬೆ ಕಡಿದು, ಜಿಗಣೆ ಕಿತ್ತು, ಒಂದು ಪಾಯಿಂಟಿಗೆ ಅರ್ಧ ಗಂಟೆ. ಅಲ್ಲಿ ಹತ್ತು ಕಿಲೋಮೀಟರ್ ಖುಲ್ಲಾ. ಸ್ವರ್ಗ ಅನಿಸುತ್ತದೆ. ಆದರೆ ಬೆಳಿಗ್ಗೆ ಕಡಲ ಕಡೆಯಿಂದ ಮಂಜು. ಡ್ರೋನ್ ಹಾರುವುದಿಲ್ಲ. ಮಂಜು ಹರಿದು ಬಿಸಿಲೇರಿದರೆ ನೆಲ ಕುದಿಯುತ್ತದೆ, ಟೋಟಲ್ ಸ್ಟೇಷನ್ನಿನ ದುರ್ಬೀನಿನಲ್ಲಿ ದೂರದಲ್ಲಿ ಗುರಿಗೆ ಇಟ್ಟ ಪ್ರಿಸಂ ನೀರಿನಲ್ಲಿಟ್ಟ ಹಾಗೆ ನಡುಗುತ್ತದೆ. ಆಗ ದೂರದ ಗುರಿ ಬಿಟ್ಟು ಹತ್ತಿರ ಹತ್ತಿರ ಅಳೆಯಬೇಕು. ಮಧ್ಯಾಹ್ನದ ಮೇಲೆ ಗಾಳಿ. ಒಳ್ಳೆಯ ಕೆಲಸಕ್ಕೆ ದಿನಕ್ಕೆ ಮೂರ್ನಾಲ್ಕು ಗಂಟೆ ಸಿಕ್ಕರೆ ಪುಣ್ಯ. ಡ್ರೋನ್ ಚಿತ್ರ ತೆಗೆದರೂ ಒಂದೇ ಬಣ್ಣದ ಮರಳಿನ ಮೇಲೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಹೊಂದಿಕೆ ಹುಡುಕಲು ಸಾಫ್ಟ್‌ವೇರಿಗೆ ಗುರುತೇ ಸಿಗುವುದಿಲ್ಲ. ನೆಲದಲ್ಲಿ ಗುರುತಿನ ಹಲಗೆಗಳನ್ನು ಇಲ್ಲಿಗಿಂತ ಒತ್ತಾಗಿ ಹಾಕಬೇಕು.

ಹಲಗೆ ಹಾಕಲು ಜೀಪು ಓಡಿಸಿಕೊಂಡು ಹೋಗೋಣ ಅಂದರೆ ಅದೂ ಆಗುವುದಿಲ್ಲ. ಆ ಜಲ್ಲಿ ಬಯಲಿನ ಮೇಲೆ ಒಮ್ಮೆ ಚಕ್ರ ಹಾಯ್ದರೆ ಗುರುತು ಹತ್ತಾರು ವರ್ಷ ಅಳಿಸುವುದಿಲ್ಲ. ಮಂಜು ಕುಡಿದು ಬದುಕುವ ಕಲ್ಲುಹೂವು ಪುಡಿಯಾಗುತ್ತದೆ. ಸ್ವಾಕೊಪ್ ಮತ್ತು ಖಾನ್ ನಡುವಿನ ಬಯಲಲ್ಲಿ ವೆಲ್‌ವಿಚಿಯಾ ಎಂಬ ಗಿಡವಿದೆ. ಜೀವಮಾನಕ್ಕೆ ಎರಡೇ ಎಲೆ, ಕೆಲವಕ್ಕೆ ಸಾವಿರ ವರ್ಷದ ಆಯಸ್ಸು. ಬಹುಭಾಗ ರಾಷ್ಟ್ರೀಯ ಉದ್ಯಾನ. ಇರುವ ದಾರಿಯಲ್ಲಷ್ಟೇ ಗಾಡಿ, ಉಳಿದದ್ದು ನಡಿಗೆ. ಬೆಟ್ಟಕ್ಕೆ ಸೊಪ್ಪಿಗೆ ಹೋಗಿ ಬೆಳೆದ ಮಾಣಿಗೆ ನಡಿಗೆ ಕಷ್ಟವಾಗಲಾರದು.

ಟೆಂಟ್ ಮರಳಿನ ಮೇಲೆ ಹಾಕುತ್ತಾರೆ ಅಂದಿರಲ್ಲ, ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ. ನಾನೂ ಒಮ್ಮೆ ಈ ತಪ್ಪು ಮಾಡಿದ್ದೆ. ನದಿಪಾತ್ರದ ಮರದ ನೆರಳು, ಮೆತ್ತನೆಯ ಮರಳು, ಗಾಳಿ ಇಲ್ಲ. ಅಲ್ಲೇ ಗಾಡಿ ನಿಲ್ಲಿಸಲು ಹೇಳಿದೆ. ಸ್ಥಳೀಯ ಡ್ರೈವರ್ ಒಪ್ಪಲಿಲ್ಲ. ಮರದ ಕಾಂಡದಲ್ಲಿ ನನ್ನ ಎದೆಯೆತ್ತರಕ್ಕೆ ಸಿಕ್ಕಿಕೊಂಡಿದ್ದ ಒಣ ಕಸ ತೋರಿಸಿದ. ಹಿಂದಿನ ನೆರೆ ಬಿಟ್ಟುಹೋದ ಕಸ. ನಾನು ಅದೇ ಮರದ ಎತ್ತರವನ್ನು ಬೆಳಿಗ್ಗೆಯಷ್ಟೇ ಅಳೆದಿದ್ದೆ, ಕಸ ನೋಡಿರಲಿಲ್ಲ. ಎತ್ತರದ ದಂಡೆಯ ಮೇಲೆ ಗಾಳಿಯಲ್ಲಿ ಒದ್ದಾಡುತ್ತ ಮಲಗಿದೆವು. ಆ ರಾತ್ರಿ ನೀರೇನೂ ಬರಲಿಲ್ಲ. ಬರುವ ರಾತ್ರಿ ಯಾವುದು ಅಂತ ಹೇಳಲು ಯಾರಿಗೂ ಆಗುವುದಿಲ್ಲ, ಅದೇ ತೊಂದರೆ. ಜನವರಿಯಿಂದ ಏಪ್ರಿಲ್‌ವರೆಗಂತೂ ನದಿಪಾತ್ರದಲ್ಲಿ ಮಲಗಿಸುವ ಕಂಪನಿಗೆ ಹೋಗುವುದೇ ಬೇಡ. ಉಳಿದ ತಿಂಗಳಲ್ಲೂ ದಂಡೆಯ ಮೇಲೆ ಜಾಗ ಕೇಳಲಿ.

ಯುರೇನಿಯಂ ಬಗ್ಗೆ. ನಮ್ಮ ಕಡೆ ಈ ಮಾತು ಬಂದರೆ ಎಲ್ಲರೂ ಕೈಗಾ ನೆನೆಯುತ್ತಾರೆ. ಗಣಿ ಬೇರೆ, ರಿಯಾಕ್ಟರ್ ಬೇರೆ. ರೋಸಿಂಗಿನ ಅದಿರು ತೀರಾ ತೆಳು. ಸಾವಿರ ಕೆಜಿ ಕಲ್ಲಿನಲ್ಲಿ ಯುರೇನಿಯಂ ಅರ್ಧ ಕೆಜಿಯೂ ಇಲ್ಲ. ಅದರ ಮೇಲೆ ನಿಂತು ಟ್ರೈಪಾಡ್ ಇಟ್ಟರೆ ಕೂದಲು ಉದುರುವುದಿಲ್ಲ, ಮಕ್ಕಳಾಗುವುದಕ್ಕೂ ತೊಂದರೆಯಿಲ್ಲ. ಅಷ್ಟು ಹಾನಿಗೆ ಬೇಕಾದ ವಿಕಿರಣ ಬೇರೆಯೇ ಮಟ್ಟದ್ದು. ಅಪಾಯ ಇರುವುದು ಒಳಗೆ ಹೋಗುವುದರಲ್ಲಿ. ಧೂಳು ಉಸಿರಿಗೆ ಹೋಗಬಾರದು, ಬಾಯಿಗೆ ಹೋಗಬಾರದು. ಯುರೇನಿಯಂ ಇರುವ ಕಲ್ಲಿನಿಂದ ಹೊರಬರುವ, ವಿಕಿರಣ ಸೂಸುವ ರೇಡಾನ್ ಅನಿಲವೂ ಇದೆ. ತೆರೆದ ಗಣಿಯಲ್ಲಿ ಗಾಳಿ ಅದನ್ನು ಚದುರಿಸುತ್ತದೆ, ಗಾಳಿಯಾಡದ ತಗ್ಗಿನಲ್ಲಿ ಜಾಗ್ರತೆ ಬೇಕು. ನನ್ನ ಕೇಳಿದರೆ ಅಲ್ಲಿನ ಕಲ್ಲಿನ ಪುಡಿಯೇ, ಅಂದರೆ ಸಿಲಿಕಾ ಧೂಳೇ, ಶ್ವಾಸಕೋಶಕ್ಕೆ ಅಷ್ಟೇ ದೊಡ್ಡ ಶತ್ರು. ಮಾಸ್ಕ್ ಸಡಿಲ ಆಗಬಾರದು, ಗಡ್ಡ ಬಿಟ್ಟರೆ ಮಾಸ್ಕ್ ಕೂರುವುದಿಲ್ಲ. ಬೀಡಿ ಸಿಗರೇಟು ಇದ್ದರೆ ಬಿಡಲಿ, ರೇಡಾನ್ ಜೊತೆ ಅದು ಸೇರಿದರೆ ಕೆಟ್ಟದು. ಇನ್ನು ಕವಳ. ಅಡಿಕೆ ಬೆಳೆಗಾರರ ಮನೆಯ ಹುಡುಗ, ಅಭ್ಯಾಸ ಇರಬಹುದು. ಗಣಿಯ ಧೂಳಿನ ಕೈಯಲ್ಲಿ ಕವಳ ಮಡಚಿ ಬಾಯಿಗಿಟ್ಟರೆ ಅದಿರನ್ನೇ ತಿಂದ ಹಾಗೆ. ಕೆಲಸದ ಜಾಗದಲ್ಲಿ ಪೂರ್ತಿ ನಿಲ್ಲಬೇಕು.

ವಿಕಿರಣ ಅಳೆಯುವ ಬ್ಯಾಡ್ಜ್ ಕೊಡುತ್ತಾರಾ, ಅದರ ಲೆಕ್ಕದ ಪ್ರತಿ ಕೈಗೆ ಕೊಡುತ್ತಾರಾ ಅಂತ ಬರವಣಿಗೆಯಲ್ಲಿ ಕೇಳಲಿ. ಕೆಲಸಗಾರರಿಗೆ ಅಂತರರಾಷ್ಟ್ರೀಯ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಹೋಲಿಕೆಗೆ, ಹೊಟ್ಟೆಯ ಒಂದು ಸಿಟಿ ಸ್ಕ್ಯಾನಿನಲ್ಲಿ ಸುಮಾರು 8ರಿಂದ 10. ಬ್ಯಾಡ್ಜ್ ಕೊಡುವುದಿಲ್ಲ, ಸರ್ವೆಯವರಿಗೆ ಬೇಕಾಗಿಲ್ಲ ಅಂದರೆ ಗಣಿಯೊಳಗಿನ ಕೆಲಸ ಬೇಡ ಅನ್ನಲಿ. ನದಿಪಾತ್ರದ ಸರ್ವೆ ಮಾತ್ರ ಒಪ್ಪಿಕೊಳ್ಳಬಹುದು. ಸಂಬಳ ಸ್ವಲ್ಪ ಕಡಿಮೆಯಾದೀತು.

ಈಗ ಪತ್ರದಲ್ಲಿ ಇಲ್ಲದ ಭಯ. ರಸ್ತೆ. ನಾನು ಅಲ್ಲಿದ್ದಾಗ ವಿಕಿರಣದಿಂದ ಯಾರಿಗೂ ಏನೂ ಆದದ್ದು ಕಾಣಲಿಲ್ಲ, ಜಲ್ಲಿ ರಸ್ತೆಯಲ್ಲಿ ಪಲ್ಟಿಯಾದ ಗಾಡಿ ತಿಂಗಳಿಗೊಂದು ಕಂಡಿದ್ದೇನೆ. ರಸ್ತೆ ನೇರ, ಖಾಲಿ, ಡಾಂಬರಿಲ್ಲ. ಎಡಗಡೆ ಓಡಿಸುವುದು, ನಮ್ಮ ಹಾಗೇ. ಅದರಿಂದಲೇ ಧೈರ್ಯ ಜಾಸ್ತಿ ಬರುತ್ತದೆ. ದೇವಿಮನೆ ಘಟ್ಟದಲ್ಲಿ ತಿರುವಿಗೊಂದು ಬ್ರೇಕ್ ಒತ್ತಿ ಕಲಿತ ಹುಡುಗನಿಗೆ ಅಲ್ಲಿ ತಿರುವೇ ಇಲ್ಲ. ನೂರರಲ್ಲಿ ಹೋಗುವಾಗ ಜಲ್ಲಿ ಮೇಲೆ ಒಮ್ಮೆ ಗಾಬರಿಯಾಗಿ ಸ್ಟೇರಿಂಗ್ ಎಳೆದರೆ ಮುಗಿಯಿತು. ಮಂಜಿನಲ್ಲಿ ಮತ್ತು ಕತ್ತಲಲ್ಲಿ ಓಡಿಸುವುದು ಬೇಡ. ಗಾಡಿ ಓಡಿಸಲು ಕಂಪನಿಯ ಡ್ರೈವರ್ ಇರುತ್ತಾನಾ, ಹುಡುಗನೇ ಓಡಿಸಬೇಕಾ? ಮೊಬೈಲ್ ಸಿಗದ ಕಡೆ ಉಪಗ್ರಹ ಫೋನ್ ಇದೆಯಾ? ಒಬ್ಬನನ್ನೇ ಕಳಿಸುತ್ತಾರಾ? ಈ ಮೂರಕ್ಕೆ ಉತ್ತರ ಬರುವವರೆಗೆ ಟಿಕೆಟ್ ಬೇಡ.

ಏಜೆಂಟ್ ವಿಷಯ ಬೇಗ ಮುಗಿಸುತ್ತೇನೆ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ ಸರ್ಕಾರದಲ್ಲಿ ನೋಂದಾಯಿಸಿರಬೇಕು, ಸೇವಾ ಶುಲ್ಕ 30,000 ರೂಪಾಯಿ ದಾಟುವ ಹಾಗಿಲ್ಲ, ಜಿಎಸ್‌ಟಿ ಬೇರೆ. ಒಂದೂವರೆ ಲಕ್ಷ ಅಂದರೆ ಆಗಲೇ ಲೆಕ್ಕ ತಪ್ಪಿತು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಅವನ ಹೆಸರಿದೆಯಾ ನೋಡಿ. ಇಲ್ಲದಿದ್ದರೆ ಕಂಪನಿಗೆ ನೇರವಾಗಿ ಬರೆಯಲಿ. ಫೈಲ್ ಕಳಿಸಿದವರು ಉತ್ತರವನ್ನೂ ಕಳಿಸುತ್ತಾರೆ. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸೋಣ ಅಂದರೆ ಖಡಾಖಂಡಿತವಾಗಿ ಬೇಡ. ಕೆಲಸದ ವೀಸಾ ಕೈಗೆ ಬಂದ ಮೇಲೇ ಹೊರಡಲಿ.

ಕಳಿಸಬಹುದಾ ಅಂತ ಕೇಳಿದ್ದೀರಿ. ದಂಡೆಯ ಮೇಲೆ ಟೆಂಟ್, ಬ್ಯಾಡ್ಜ್, ಡ್ರೈವರ್, ಕೆಲಸದ ವೀಸಾ ಇಷ್ಟಕ್ಕೂ ಕಾಗದದಲ್ಲಿ ಹೌದು ಅಂದರೆ ನಾನಾದರೆ ಕಳಿಸುತ್ತೇನೆ. ಎರಡು ವರ್ಷದ ಮರುಭೂಮಿ ಕೆಲಸ ಮಾಡಿ ಬಂದವನಿಗೆ ಅಂಕಿಯನ್ನು ನಂಬುವ ಮೊದಲು ಅದು ಎಲ್ಲಿಂದ ಬಂತು ಅಂತ ಕೇಳುವ ಅಭ್ಯಾಸ ಬಂದಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಅಂಥವರು ಕಡಿಮೆ. ಆಗುವುದಿಲ್ಲ ಅಂದರೆ ಇಲ್ಲೇ ಇರಲಿ, ಘಟ್ಟದ ರಸ್ತೆ ಬದಿಯ ಇಳಿಜಾರುಗಳ ಸರ್ವೆಗೆ ಕೆಲಸವೇನೂ ಬರಗೆಟ್ಟಿಲ್ಲ.

ಸದ್ಯಕ್ಕೆ ಆ ಫೈಲನ್ನು ಇವತ್ತೇ ತಿರುಗಿಸಲಿ. ಸಮುದ್ರ ಪಶ್ಚಿಮಕ್ಕೆ ಬಂದ ಮೇಲೆ ಒಂದು ಪರೀಕ್ಷೆ: ಖಾನ್ ನದಿ ಉತ್ತರದ ಕಡೆಯಿಂದ ಬಂದು ಸ್ವಾಕೊಪ್ ಸೇರುತ್ತದಾ ನೋಡಲಿ. ಸೇರಿದರೆ ನಕ್ಷೆ ಸರಿ. ಆಮೇಲೆ ಜರ್ಮನ್ ಮೀಟರ್ ತಿದ್ದಿದ್ದೀರಾ ಇಲ್ಲವಾ ಅಂತ ಕಂಪನಿಗೆ ಒಂದು ಸಾಲು ಬರೆಯಲಿ. ಅದೇ ಪತ್ರದಲ್ಲಿ ಟೆಂಟ್ ಹಾಕುವ ಜಾಗದ ಎಕ್ಸ್, ವೈ ಮತ್ತು ಎತ್ತರ, ಅದರ ಪಕ್ಕದ ನದಿಪಾತ್ರದ ಎತ್ತರ, ಎರಡನ್ನೂ ಕೇಳಲಿ.